ಬಿಗಿ ಹಿಡಿದ ಹರಳು

ಚಿಕ್ಕಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಏಳುತ್ತಿದ್ದ ರಾಳದ ಹೊಗೆಯ ವಾಸನೆ, ಇಷ್ಟು ವರ್ಷಗಳ ಮೇಲೆ, ಪತ್ರಿಕೆಗೆ ಬರೆಯಲೆಂದು ನಾನು ಬಂದಿರುವ ಈ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಮತ್ತೆ ಮೂಗಿಗೆ ಬಡಿಯುತ್ತದೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಒಳಗೆ ಆಳೆತ್ತರದ ಲೋಹದ ಪೀಪಾಯಿಯ ಪಕ್ಕ ಬರಿಗಾಲಲ್ಲಿ ನಿಂತವರು, ಇಲ್ಲಿ ಎಲ್ಲರೂ ‘ತಂಪಕ್ಕ’ ಎಂದು ಕರೆಯುವ ತಂತ್ರಜ್ಞೆ.

“ಚಪ್ಪಲಿ ಅಲ್ಲೇ ಬಿಡಿ ಅಮ್ಮ. ಹೆಜ್ಜೆ ಸಪ್ಪಳಾನೂ ಗೊತ್ತಾಗುತ್ತೆ ಇದಕ್ಕೆ. ನಮ್ಮತ್ತೆ ಕಿವಿ,” ಎಂದು ಪಿಸುಗುಡುತ್ತಾರೆ.

ಪೀಪಾಯಿಯೊಳಗೆ, ನಕ್ಷತ್ರಗಳ ನಡುವಿನ ಬಯಲಿಗಿಂತಲೂ ಹೆಚ್ಚಿನ ಚಳಿಯಲ್ಲಿ, ಉಗುರಿನಷ್ಟಗಲದ ಹರಳೊಂದಿದೆ. ಅದರ ಮೇಲೆ ಲೋಹದ ತೆಳು ಲೇಪ. ಆ ಚಳಿಗೆ ಲೇಪದಲ್ಲಿ ವಿದ್ಯುತ್ತು ತಡೆಯೇ ಇಲ್ಲದಂತೆ ಹರಿಯುತ್ತದೆ. ಒಂದು ಕಣ ತಾಗಿ ಹರಳು ಇಷ್ಟೇ ಇಷ್ಟು ಬೆಚ್ಚಗಾದರೂ ಸಾಕು, ತಡೆ ಹುಟ್ಟಿ ಪರದೆಯ ಗೆರೆ ನೆಗೆಯುತ್ತದೆ. ಹರಳನ್ನು ಅಲುಗದಂತೆ ಕಚ್ಚಿಕೊಳ್ಳುವ ಹಿಡಿಕೆಗೆ ಕೂರಿಸುವುದು, ಕೂದಲಿನಂಥ ತಂತಿ ಬೆಸೆಯುವುದು, ವಾರಗಟ್ಟಲೆ ತಣಿಸುವುದು, ಎಲ್ಲ ತಂಪಕ್ಕನ ಕೆಲಸ. ಪ್ರಬಂಧಗಳಲ್ಲಿ ಅವರ ಹೆಸರು ಬರುವುದಿಲ್ಲ.

ಗೆರೆ ನೆಗೆಯುತ್ತದೆ. ನಾವಿಬ್ಬರೂ ಅಲುಗಿಲ್ಲ. ಮತ್ತೆ ನೆಗೆಯುತ್ತದೆ, ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಕೆರೆದಂತೆ. ಸುತ್ತ, ಹೊರಗಿನ ಕಿರಣಗಳನ್ನು ತಡೆಯುವ ಸೀಸದ ಗೋಡೆ.

ಯಾರೂ ಕಾಣದ ಕಣವೊಂದು ಬಂದು ತಾಗುತ್ತಿದೆ ಎಂದು ಇಲ್ಲಿನ ಮುಖ್ಯ ವಿಜ್ಞಾನಿ ‘ಮೇಷ್ಟ್ರು’ ನಂಬಿದ್ದಾರೆ. ಅರ್ಧ ಆಯುಷ್ಯ ಅದನ್ನೇ ಹುಡುಕಿದವರು, ಇವತ್ತು ಅದನ್ನು ಜಗತ್ತಿಗೆ ಸಾರಲಿದ್ದಾರೆ.

ತಂಪಕ್ಕ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಾರೆ. “ಹೋದ ಸಲ ಹರಳು ಜಾರಿ ಒಡೀತು ಅಮ್ಮ. ಆ ಹೆದರಿಕೆಗೆ ಈ ಸಲ ಜಾಸ್ತಿ ಬಿಗಿದ್ಬಿಟ್ಟೆ. ಅದು ಒಳಗೊಳಗೇ ಬಿರೀತಿದೆ. ಗೆರೆ ನೆಗೀತಿರೋದು ಆ ಬಿರುಕಿನ ಬಿಸಿಗೆ, ಕಣಕ್ಕಲ್ಲ. ಹಿಡಿಕೆ ಸರಿ ಇದೆಯಾ ಅಂತ ಮೇಷ್ಟ್ರು ಕೇಳಿದ್ರು. ಇದೆ ಅಂದೆ. ನಂಬಿದ್ರು.”

ಇಸ್ತ್ರಿಯ ಅಂಗಿ ತೊಟ್ಟು ಮೇಷ್ಟ್ರು ಬರುತ್ತಾರೆ.

“ಮೇಷ್ಟ್ರೆ, ಹಿಡಿಕೆ ಸರಿ ಇಲ್ಲ. ನಾನೇ ಬಿಗಿ ಮಾಡಿದ್ದು.”

“ಎಷ್ಟು ಅಕ್ಕ?”

“ಉಸಿರು ಕಟ್ಟೋಷ್ಟು.”

ಗೆರೆ ನೆಗೆಯುತ್ತದೆ. ಮೇಷ್ಟ್ರು ಅದನ್ನೇ ನೋಡುತ್ತಾರೆ. “ಯಾರೋ ಬಂದ್ರು ಅಂದ್ಕೊಂಡಿದ್ದೆ,” ಎನ್ನುತ್ತಾರೆ. ಆಮೇಲೆ, “ಬಿಚ್ಚೋಣ.”

ಪಂಪು ನಿಂತಾಗ, ಅಲ್ಲಿಯವರೆಗೆ ಕೋಣೆಯೇ ಉಸಿರಾಡುತ್ತಿತ್ತೆಂದು ತಿಳಿಯುತ್ತದೆ. ಗೆರೆ ಇನ್ನೊಮ್ಮೆ ನೆಗೆದು ಮಲಗುತ್ತದೆ.

“ಇನ್ನೊಂದ್ಸಲ ನನ್ನ ಕೈಗೇ ಕೊಟ್ರೆ ಸಡಿಲವಾಗಿ ಕೂರಿಸ್ತೀನಿ,” ಎನ್ನುತ್ತಾರೆ ತಂಪಕ್ಕ, ಗೋಡೆಗೆ ಹೇಳುವಂತೆ. “ಅಷ್ಟೇ ಆಸೆ.”

ಮೇಷ್ಟ್ರು ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಚಮಚವನ್ನು ಕರವಸ್ತ್ರದಲ್ಲಿ ಒರೆಸಿ, ಎರಡನ್ನೂ ತಂಪಕ್ಕನ ಕೈಗೇ ಕೊಡುತ್ತಾರೆ.