ಜೇಬಿನೊಳಗಿನ ಎಡಗೈ
ಸುರಬಾಯಾದಲ್ಲಿ ಟಿವಿ ರಿಪೇರಿ ಮಾಡುವ, ಎಲ್ಲರೂ ಗೌರವದಿಂದ ‘ಬಾಪಾಕ್’ ಎನ್ನುವ ದರ್ಸೊನೊ ಅವರಿಗೆ ಒಂದೇ ಕೈಯೆಂಬ ಸುದ್ದಿ ನದಿಯ ಆಚೆ ದಡಕ್ಕೂ ಹಬ್ಬಿದೆ. ಅದು ಸುಳ್ಳು, ಎಡಗೈ ಇದೆ, ಪ್ಯಾಂಟಿನ ಜೇಬಿನಲ್ಲಿದೆ. ಹಳೆಯ ಡಬ್ಬಾ ಟಿವಿಯಲ್ಲಿ ಸಾವಿರಾರು ವೋಲ್ಟು ಅಡಗಿರುತ್ತದೆ, ಎರಡೂ ಕೈ ಇಟ್ಟರೆ ವಿದ್ಯುತ್ತು ಒಂದರಿಂದ ಹೊಕ್ಕು ಎದೆಯನ್ನು ಹಾದು ಇನ್ನೊಂದರಿಂದ ಹೊರಡುತ್ತದೆ ಎಂದು ಕೆಲಸ ಕಲಿಸಿದ ಗುರುಗಳು ಎಚ್ಚರಿಸಿದಂದಿನಿಂದ ಆ ಕೈಗೆ ಜೇಬಿನಲ್ಲೇ ವಾಸ. "ಪ್ಲಗ್ ಕಿತ್ತು ವಾರ ಆಯ್ತಲ್ಲ, ಬಾಪಾಕ್!" ಎಂದು ಗಿರಾಕಿಗಳು ನಕ್ಕರೆ, "ಅದರ ಸಿಟ್ಟು ಇಳಿದಿರಲ್ಲಪ್ಪಾ" ಎನ್ನುತ್ತ, ಟಿವಿಯ ಲೋಹದ ಚೌಕಟ್ಟಿಗೆ ತಂತಿ ಬಿಗಿದ ಸ್ಕ್ರೂಡ್ರೈವರನ್ನು ಪಿಕ್ಚರ್ ಟ್ಯೂಬಿನ ರಬ್ಬರ್ ಟೋಪಿಯಡಿ ತೂರಿಸಿ, ಚಟ್ಟೆಂಬ ಕಿಡಿಯನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಸೈಕಲ್ಲನ್ನೂ ಒಂದೇ ಕೈಯಲ್ಲಿ ನಡೆಸುವ ಇವರು, ಮಗಳ ಮದುವೆಯಲ್ಲಿ ವಧೂವರರು ಪಾದದೆದುರು ಮಂಡಿಯೂರಿದಾಗ ಬಲಗೈಯಿಂದಲೇ ಒಬ್ಬೊಬ್ಬರನ್ನಾಗಿ ಹರಸಿದರು. ಈ ವರ್ಷ ಹೆಂಡತಿ ಸುಲಾಸ್ತ್ರಿಗೆ ಪಾರ್ಶ್ವವಾಯು ಬಡಿಯಿತು. ದಿನವೂ ಎರಡೂ ಕೈ ಹಿಡಿದು ನಡೆಸದಿದ್ದರೆ ಆಕೆ ಮತ್ತೆ ನಡೆಯಲಾರಳೆಂದರು ವೈದ್ಯರು. ದರ್ಸೊನೊ ಬಲಗೈ ಚಾಚಿದರು. "ನಾನೇನು ಟಿವಿನೇನ್ರೀ? ಆ ಕೈನೂ ತೆಗೀರಿ!" ಎಂದಳು ಆಕೆ. ಅವರು ಮೊದಲು ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ, ತಮ್ಮ ಮೈಯಲ್ಲಿರಬಹುದಾದ ವಿದ್ಯುತ್ತನ್ನೆಲ್ಲ ಇಳಿಸಿಕೊಂಡು, ಅನಂತರ ಎಡಗೈಯನ್ನು ಹೊರತೆಗೆದರು. ಬಿಸಿಲನ್ನೇ ಕಾಣದ ಅದರಲ್ಲಿ ಒಂದು ಗಾಯವೂ ಇರಲಿಲ್ಲ, ಸುಕ್ಕೂ ಇರಲಿಲ್ಲ. ಸುಲಾಸ್ತ್ರಿ ಅದನ್ನು ತಿರುಗಿಸಿ ನೋಡಿ, "ಅಯ್ಯೋ, ನಮ್ಮ ಮದುವೆ ದಿನ ಇದ್ದ ಹಾಗೇ ಇದೆಯಲ್ರೀ" ಎಂದಳು. ಸದ್ಯ ಅಂಗಡಿಯಲ್ಲಿ ಟಿವಿಗಳು ಕೆಟ್ಟೇ ಕೂತಿವೆ; ಬಾಪಾಕ್ ದರ್ಸೊನೊ ಅವರ ಎರಡು ಕೈಗಳಿಗೂ ಪುರುಸೊತ್ತಿಲ್ಲ.