ಮಂಚದ ಮೇಲಿನ ಪೂಜೆ

ರಾಜಲಕ್ಷ್ಮಮ್ಮನನ್ನು ನಮ್ಮ ಪಾಳ್ಯದಲ್ಲಿ ಯಾರೂ ಪಾಪದವಳು ಎಂದು ಕರೆದಿಲ್ಲ. ಕರೆದಿದ್ದರೆ ಅವರಿಗೆ ಚೆನ್ನಾಗಿ ಮಂಗಳಾರತಿ ಆಗುತ್ತಿತ್ತು. ಬೆಳಗೋಡಿನಿಂದ ಸೊಸೆಯಾಗಿ ಬಂದ ವರ್ಷವೇ, ಗದ್ದೆಗೆ ಬರುವ ನೀರನ್ನು ತಿರುಗಿಸಿಕೊಂಡಿದ್ದ ಪಕ್ಕದವರ ಮುಂದೆ ಬದುವಿನ ಮೇಲೆ ನಿಂತು ಜಗಳ ಆಡಿ ನೀರು ಬಿಡಿಸಿಕೊಂಡು ಬಂದವಳು. ಮೆಣಸು ಕೊಯ್ಯುವವರು ಏಣಿ ಹತ್ತಿದರೆ ಕೆಳಗೆ ನಿಂತು ಏಣಿ ಹಿಡಿಯುವುದು ಅವಳೇ. ಬೇರೆ ಯಾರು ಹಿಡಿದರೂ ಅವಳಿಗೆ ನಂಬಿಕೆಯಿಲ್ಲ. ನನಗಿಂತ ಹತ್ತಾರು ವರ್ಷ ದೊಡ್ಡವಳು, ಎದುರು ಮನೆಯವಳು, ನಾನು ರಾಜಕ್ಕ ಎನ್ನುತ್ತೇನೆ. ಅವಳು ಬೈದ ದಿನ ನನಗೆ ಕೋಪ ಬರುತ್ತದೆ, ಬೈಯದ ದಿನ ಜ್ವರ ಏನಾದರೂ ಬಂದಿದೆಯೋ ಎಂದು ಹೋಗಿ ನೋಡಿ ಬರುತ್ತೇನೆ.

ಅವಳ ಗಂಡ ಪರಮಶಿವಯ್ಯ ಇನ್ನೊಂದೇ ಜಾತಿಯ ಮನುಷ್ಯ. ಎತ್ತರದ ಆಳು, ಭಾರಿ ಮೈ, ಮಾತು ಮಾತ್ರ ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಮೆತ್ತಗೆ. ಹೆಂಡತಿ ಏನು ಹೇಳಿದರೂ "ಆಯ್ತು ಕಣೇ" ಎನ್ನುವುದು, ಆಮೇಲೆ ತಮಗೆ ಸರಿ ಕಂಡದ್ದನ್ನೇ ಮಾಡುವುದು. ಇಷ್ಟು ವರ್ಷ ಸಂಸಾರ ನಡೆದದ್ದು ಹಾಗೆಯೇ.

ಒಂದು ವಿಷಯದಲ್ಲಿ ಮಾತ್ರ ಅವರು "ಆಯ್ತು" ಎಂದೂ ಹೇಳುತ್ತಿರಲಿಲ್ಲ. ನಮ್ಮವರ ಮನೆಗಳಲ್ಲಿ ಕೊರಳಲ್ಲಿ ಕರಡಿಗೆಯೊಳಗೆ ಲಿಂಗ ಇರುತ್ತದಲ್ಲ, ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಅಂಗೈ ಮೇಲಿಟ್ಟು ಪೂಜೆ ಮಾಡದೆ ಪರಮಶಿವಯ್ಯನವರು ತೊಟ್ಟು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಈಗಿನ ಹುಡುಗರು ಲಿಂಗ ಎಲ್ಲಿಟ್ಟಿದ್ದೇವೆ ಎಂದು ಬೀರು ಹುಡುಕುತ್ತಾರೆ. ಇವರು ಹಾಗಲ್ಲ.

ಮೊದಲ ಸಲ ಬಿದ್ದದ್ದು ಬಚ್ಚಲಲ್ಲಿ. ಮಗ ರಾಜಶೇಖರ್ ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಒಳ್ಳೆಯವನೇ. ಹೋದ ವರ್ಷ ಮನೆ ರಿಪೇರಿ ಮಾಡಿಸಿದಾಗ, ಹಸು ಜಾರಬಾರದು ಎಂದು ಕೊಟ್ಟಿಗೆಯ ಸಿಮೆಂಟಿಗೆ ಮೇಸ್ತ್ರಿಯ ಹತ್ತಿರ ಗೀರು ಹಾಕಿಸಿದ. ಬಚ್ಚಲಿಗೆ ಮಾತ್ರ ಮುಖ ಕಾಣುವಂಥ ಟೈಲ್ಸ್. ನಾವೆಲ್ಲ ಹೋಗಿ ನೋಡಿ ಹೊಗಳಿ, ಪಾಯಸ ಕುಡಿದು ಬಂದೆವು. ಹಸು ಬಿದ್ದರೆ ಹಾಲು ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತು. ಯಜಮಾನ ಬಿದ್ದರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಕಾಫಿ ಹಣ್ಣು ಕೊಯ್ಯುವ ಸಮಯ, ಮೈ ಕೊರೆಯುವ ಚಳಿ, ಬೆಳಿಗ್ಗೆ ಮಿಂದು ಒದ್ದೆ ಕಾಲಲ್ಲೇ ದೇವರ ಮನೆಗೆ ಹೊರಟವರು ದಢಾರನೆ ಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿಯಿತು.

ಹಾಸನದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಅದು ಚೆನ್ನಾಗಿಯೇ ಆಯಿತು. ಮಾರನೆಯ ದಿನ ಇಬ್ಬರು ಹಿಡಿದು ನಿಲ್ಲಿಸಿದಾಗ ಪರಮಶಿವಯ್ಯನವರ ಕಣ್ಣು ಮೇಲೆ ಹೋಯಿತು. ಡಾಕ್ಟರು ರಾಜಕ್ಕನನ್ನು ಕರೆದು ಹೇಳಿದರು: "ನಿಂತ ಕೂಡಲೇ ಬಿಪಿ ಇಳಿದುಬಿಡ್ತಾ ಇದೆ ಅಮ್ಮ. ಅದು ಸರಿಹೋಗೋವರೆಗೂ ಎಲ್ಲಾ ಮಂಚದ ಮೇಲೇ ಆಗ್ಬೇಕು. ಒಬ್ಬರೇ ಇಳಿಯೋಕೆ ಬಿಡಲೇಬೇಡಿ. ಇನ್ನೊಂದು ಸಲ ಬಿದ್ರೆ ಮತ್ತೆ ಆಪರೇಷನ್ ಮಾಡೋಕೆ ಅವರ ಹಾರ್ಟ್ ತಡೆಯಲ್ಲ."

ರಾಜಕ್ಕ ಆ ಮಾತನ್ನು ನನಗೆ ಹೇಳಿದ್ದೇ ಬೇರೆ ಥರ. "ಬಿದ್ರೆ ಮುಗೀತು ಅಂತ ಅಂದ್ರು ಕಣೇ ಪುಷ್ಪಾ," ಎಂದಳು. ಡಾಕ್ಟರು ಹಾಗೆ ಹೇಳಿರಲಿಲ್ಲ, ಆದರೆ ಅರ್ಥ ಅದೇ ಆಗಿತ್ತು.

ಮಗನಿಗೆ ಎಸ್ಟೇಟಿನಲ್ಲಿ ಕೊಯ್ಲಿನ ಕಾಲ, ಸಂಜೆಗೆ ಮಾತ್ರ ಬರಲು ಆಗುತ್ತಿತ್ತು. ಸೊಸೆ ದೀಪಶ್ರೀಗೆ ಎಳೆ ಮಗು. ಹಗಲೆಲ್ಲ ಆ ಭಾರಿ ಮೈಯ ಪಕ್ಕದಲ್ಲಿ ಮೊಳದುದ್ದದ ಈ ಹೆಂಗಸು ಒಬ್ಬಳೇ. ನಾನು ದಿನ ಬಿಟ್ಟು ದಿನ ಬಸ್ಸಿನಲ್ಲಿ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಿದ್ದೆ.

ಆಪರೇಷನ್ ಆದ ಮೇಲೆ ಪರಮಶಿವಯ್ಯನವರು ಊಟ ಮುಟ್ಟಲಿಲ್ಲ. ಪೂಜೆ ಆಗಿಲ್ಲವಲ್ಲ! ಗಂಜಿ ಬೇಡ, ಮಾತ್ರೆಯೂ ಬೇಡ. ವಾರ್ಡಿನ ಸಿಸ್ಟರ್ ಮೋನಿಕಾ ಬೇಡಿಕೊಂಡಳು, ಮಗ ಗದರಿದ. ಅವರು ಮೆತ್ತಗೆ ಮುಗುಳ್ನಕ್ಕು ಗೋಡೆ ಕಡೆ ತಿರುಗಿದರು. ಆಗ ರಾಜಕ್ಕ ಮಗನಿಂದ ಮನೆಯ ತಟ್ಟೆ, ವಿಭೂತಿ ಗಟ್ಟಿ, ಬಿಲ್ವಪತ್ರೆ, ಒಗೆದ ಮಡಿ ದುಪ್ಪಟಿ ಎಲ್ಲ ತರಿಸಿದಳು. ಗಂಡನ ಮೈಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದಳು. ಆಸ್ಪತ್ರೆಯ ದುಪ್ಪಟಿಯ ಮೇಲೆ ಮನೆಯದನ್ನು ಹಾಸಿದಳು. ಮಂಚಕ್ಕೆಲ್ಲ ನೀರು ಚಿಮುಕಿಸಿ, ತಲೆಕಡೆಯ ಕಬ್ಬಿಣಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದಳು.

"ಈಗ ಇದು ನಿಮ್ಮ ದೇವ್ರ ಮನೆ ಕಣ್ರೀ. ಕೂತ್ಕೊಂಡು ಪೂಜೆ ಮಾಡ್ಬುಡಿ," ಎಂದಳು.

ಅವರು ಒರಗಿ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಪಕ್ಕದ ಮಂಚದ ರೋಗಿಯೂ ಎದ್ದು ಕೂತು ಕೈ ಮುಗಿದನಂತೆ. ಪೂಜೆ ಮುಗಿಸಿ ಗಂಜಿ ಕುಡಿದರು, ಮಾತ್ರೆ ನುಂಗಿದರು. ಅಂದು ರಾಜಕ್ಕ ಫೋನಿನಲ್ಲಿ ನಗುತ್ತಾ ಮಾತಾಡಿದಳು. ಗೆದ್ದೆ ಎಂದುಕೊಂಡಿದ್ದಳು.

ಅಂದೇ ಮಧ್ಯಾಹ್ನ ಸಿಸ್ಟರ್ ಬೆಡ್ ಪ್ಯಾನ್ ತಂದರೆ ಅವರು ಕೈ ಅಡ್ಡ ಹಿಡಿದರು.

"ಪೂಜೆ ಮಾಡಿದ ಜಾಗ ಇದು. ಇಲ್ಲಿ ಆ ಕೆಲ್ಸ ಮಾಡಲ್ಲ."

"ನಿನ್ನೆ ಮಾಡಿದ್ರಲ್ರೀ!" ಎಂದಳು ರಾಜಕ್ಕ.

"ನಿನ್ನೆ ಇದು ಆಸ್ಪತ್ರೆ ಮಂಚ. ಇವತ್ತು ನೀನೇ ದೇವ್ರ ಮನೆ ಅಂದ್ಯಲ್ಲೇ."

ಅವಳು ಗದರಿದಳು, ಅತ್ತಳು, ಮೊಮ್ಮಗುವಿನ ಆಣೆ ಹಾಕಿದಳು. ಮಡಿ ದುಪ್ಪಟಿ ಎಳೆದು ತೆಗೆದೂ ನೋಡಿದಳು. ದುಪ್ಪಟಿ ತೆಗೆದರೆ ಪೂಜೆ ಮಾಡಿದ್ದು ಹೋಗುತ್ತದೆಯೇ? ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅಲ್ಲೇ ಉಣ್ಣುವುದು, ಅಲ್ಲೇ ಪೂಜೆ, ಅಲ್ಲೇ ಅದೂ ಎಂದರೆ ಅವರ ಮನಸ್ಸು ಒಪ್ಪದು. ಇದು ಹಟವಲ್ಲ, ಹಟವಾಗಿದ್ದರೆ ಅವಳು ಮುರಿಯುತ್ತಿದ್ದಳು. ಅವರಿಗೆ ನಿಜವಾಗಿಯೂ ಅಸಹ್ಯವಾಗುತ್ತಿತ್ತು. ಅದಕ್ಕೆ ಏನು ಮಾಡುತ್ತೀರಿ?

ಅಂದಿನಿಂದ ಶುರುವಾಯಿತು ಅವಳ ಕಾವಲು. ಅವರಿಗೆ ಅವಸರವಾದಾಗಲೆಲ್ಲ ವಾರ್ಡ್ ಬಾಯನ್ನು ಹುಡುಕಿ, ಗಾಲಿ ಕುರ್ಚಿ ಹುಡುಕಿ, ಎತ್ತಿ ಕೂರಿಸಿ ಕರೆದುಕೊಂಡು ಹೋಗಬೇಕು. ಹಾಗೆ ಒಮ್ಮೆ ಹೋಗುವಾಗ ಕುರ್ಚಿಯಲ್ಲೇ ಕುತ್ತಿಗೆ ವಾಲಿತು. ಇವಳು ವಾರ್ಡೆಲ್ಲ ಕೇಳುವಂತೆ ಕಿರುಚಿದಳು. ಅಷ್ಟು ಜನರಿಗೆ ತೊಂದರೆ ಎಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ, ಮಾತ್ರೆಗೆ ಒಂದು ಗುಟುಕು. "ನೀರು ಕುಡೀದಿದ್ರೆ ಇನ್ನೂ ತಲೆ ತಿರುಗುತ್ತೆ ಅಜ್ಜ," ಎಂದು ಮೋನಿಕಾ ಹೇಳಿದ್ದಕ್ಕೆ "ಆಯ್ತಮ್ಮ" ಎಂದರು. ಆ "ಆಯ್ತು" ಕೇಳಿದ ಕೂಡಲೇ ರಾಜಕ್ಕನ ಎದೆ ಧಸಕ್ಕೆಂದಿತಂತೆ.

ಅವರ ಮನೆತನದ ಅಯ್ನೋರು ರುದ್ರಯ್ಯ. ಮದುವೆ, ಲಿಂಗಧಾರಣೆ ಎಲ್ಲಕ್ಕೂ ಅವರೇ. ಅವರ ಮಾತೊಂದನ್ನು ಗಂಡ ಮೀರುವುದಿಲ್ಲ ಎಂದು ರಾಜಕ್ಕನಿಗೆ ಹೊಳೆಯಿತು. ಫೋನ್ ಮಾಡಿದಳು. ಅಯ್ನೋರು ಎಲ್ಲ ಕೇಳಿ, "ಅಷ್ಟೇನಾ? ಕೊಡವ್ವ ಅವನಿಗೆ, ನಾನೇ ಹೇಳ್ತೀನಿ," ಎಂದರು. ಪರಮಶಿವಯ್ಯನವರು ಫೋನು ಮುಟ್ಟಲಿಲ್ಲ.

"ಇಂಥಾ ವಿಷ್ಯಾನ ಗುರುಗಳ ಹತ್ರ ಫೋನಲ್ಲಿ ಮಾತಾಡ್ತಾರೇನೇ? ಬಂದಾಗ ಪಾದ ಹಿಡ್ಕೊಂಡು ಅವ್ರ ಬಾಯಿಂದ್ಲೇ ಕೇಳ್ತೀನಿ."

ಅಯ್ನೋರಿಗೆ ಮಾರನೆಯ ದಿನ ಕೆ. ಹೊಸಕೋಟೆಯಲ್ಲಿ ಗೃಹಪ್ರವೇಶ. ಅದನ್ನು ಮುಗಿಸಿ ನಾಡಿದ್ದು ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ ಎಂದರು. ಒಂದು ದಿನ ಕಾದರೆ ಸಾಕಿತ್ತು.

ಆ ಒಂದು ದಿನ ದಾಟುವುದೇ ರಾಜಕ್ಕನ ಬದುಕಾಯಿತು. ಮಂಚದ ಎರಡೂ ಬದಿಯ ಕಂಬಿ ಎತ್ತಿಸಿದಳು. ಅವರ ಚಪ್ಪಲಿ ಬಚ್ಚಿಟ್ಟಳು, ಅವರೇನು ಚಪ್ಪಲಿಗೆ ಕಾಯುವವರಂತೆ. ಕಾಫಿ ಕುಡಿದರೆ ತಾನು ಎದ್ದು ಹೋಗಬೇಕಾಗುತ್ತದೆ ಎಂದು ತಾನೂ ಕುಡಿಯಲಿಲ್ಲ. ಅವಳು ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. ಮಧ್ಯಾಹ್ನ ರೆಪ್ಪೆ ತಾನಾಗಿ ಅಂಟತೊಡಗಿದಾಗ, ಸೆರಗಿನ ತುದಿಯನ್ನು ಗಂಡನ ಮಣಿಕಟ್ಟಿಗೆ ಗಂಟು ಹಾಕಿದಳು.

"ಇಳಿಯೋಕೆ ಹೋದ್ರೆ ನಂಗೆ ಎಚ್ಚರ ಆಗ್ಬೇಕು, ಅದಕ್ಕೆ. ನಗಾಡ್ಬೇಡಿ. ಎಬ್ಬಿಸ್ತೀನಿ ಅಂತ ಹೇಳಿ."

"ಆಯ್ತು ಕಣೇ, ನೀನು ಸ್ವಲ್ಪ ಮಲಕ್ಕೋ," ಎಂದರು ಅವರು.

ನಾನು ಅಂದು ಕ್ಯಾರಿಯರ್ ಹಿಡಿದು ವಾರ್ಡಿನ ಬಾಗಿಲಿಗೆ ಬಂದಾಗ ಮಂಚ ಖಾಲಿ. ಕುರ್ಚಿಯಲ್ಲಿ ಕೂತಲ್ಲೇ ತಲೆ ವಾಲಿಸಿ ರಾಜಕ್ಕ ನಿದ್ದೆ ಹೋಗಿದ್ದಳು. ಅವಳ ಸೆರಗನ್ನು ಯಾರೋ ಮಡಚಿ ಮಡಿಲಲ್ಲಿ ಇಟ್ಟಿದ್ದರು. ಯಾರೋ ಏನು, ಅವರೇ. ಅವಳ ಹೆಗಲು ಅಲುಗದ ಹಾಗೆ ಗಂಟು ಬಿಚ್ಚಿ, ಕಂಬಿ ಇಲ್ಲದ ಕಾಲುಕಡೆಯಿಂದ ಜಾರಿ ಇಳಿದಿದ್ದರು. ನಾನು "ಅಕ್ಕಾ!" ಎನ್ನುವುದಕ್ಕೂ ವಾರ್ಡಿನ ಆ ತುದಿಯಲ್ಲಿ ಸದ್ದಾಗುವುದಕ್ಕೂ ಸರಿಹೋಯಿತು.

ಬಚ್ಚಲಮನೆಯ ಬಾಗಿಲಲ್ಲಿ ಬಿದ್ದಿದ್ದರು. ಗೋಡೆಗೆ ಹಿಡಿದುಕೊಳ್ಳುವ ಸ್ಟೀಲಿನ ಕಂಬಿ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರ ಒಂದು ಕೈ ಪಂಚೆಯನ್ನು ಎತ್ತಿ ಹಿಡಿದಿತ್ತು. ಇನ್ನೊಂದು ಕೈ ಎದೆಯ ಮೇಲೆ, ಲಿಂಗದ ಕರಡಿಗೆ ನೆಲಕ್ಕೆ ತಾಗದಂತೆ ಬಿಗಿಯಾಗಿ ಮುಚ್ಚಿತ್ತು. ಬೀಳುವಾಗಲೂ ಆ ಬೆಳ್ಳಿಯ ಕರಡಿಗೆಯನ್ನು ಬಿಟ್ಟು ಕಂಬಿಗೆ ಕೈ ಹಾಕಿರಲಿಲ್ಲ.

ರಾಜಕ್ಕ ಓಡಿಬಂದು ಅವರ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, "ಶಿವನ್ನ ಬುಟ್ಟು ಗೋಡೆ ಹಿಡ್ಕೊಳ್ಳೋಕೆ ಆಗ್ಲಿಲ್ವೇನ್ರೀ! ಅವ್ನು ಬಿದ್ರೆ ಅವ್ನಿಗೇನು ಮೂಳೆ ಮುರೀತಿತ್ತಾ!" ಎಂದು ಕೂಗಿದಳು. ಲಿಂಗ ಕಟ್ಟಿಕೊಂಡವರ ಬಾಯಲ್ಲಿ ಬರುವ ಮಾತಲ್ಲ ಅದು. ನನಗೆ ಒಂದಿಷ್ಟೂ ತಪ್ಪು ಎನಿಸಲಿಲ್ಲ.

ಅವರು ನೋವಿನಲ್ಲೇ ಕಣ್ಣು ಬಿಟ್ಟರು. "ಎದ್ಬುಟ್ಯಾ? ಇನ್ನೊಂದು ಗಳಿಗೆ ಮಲಗಿದ್ದಿದ್ರೆ ನಾನು ಹೋಗಿ ಬಂದ್ಬುಡ್ತಿದ್ದೆ ಕಣೇ," ಎಂದರು.

ರಾಡ್ ಕಿತ್ತುಕೊಂಡು ಬಂದಿತ್ತು. ಡಾಕ್ಟರು ಎಕ್ಸ್‌ರೇ ನೋಡಿದರು. ಆಮೇಲೆ ರಾಜಶೇಖರನನ್ನು ಹೊರಗೆ ಕರೆದರು. ನೋವು ಕಡಿಮೆ ಮಾಡಬಹುದು, ಅವರು ಮತ್ತೆ ಎದ್ದು ನಿಲ್ಲುವಂತೆ ಮಾಡಲು ಆಗುವುದಿಲ್ಲ, ಇನ್ನು ಮಲಗಿದಲ್ಲೇ ಎಂದರು. ಅವನು ಒಳಗೆ ಬಂದು ತಾಯಿಯ ಮುಖ ನೋಡದೆ ಕಿಟಕಿಯ ಹತ್ತಿರ ನಿಂತ. ಅವಳಿಗೆ ಅಷ್ಟೇ ಸಾಕಾಯಿತು.

ಮಾರನೆಯ ಬೆಳಿಗ್ಗೆ ಹೇಳಿದ ಬಸ್ಸಿಗೇ ರುದ್ರಯ್ಯ ಅಯ್ನೋರು ಬಂದರು. ಬಾಗಿಲಲ್ಲೇ ಸುದ್ದಿ ತಿಳಿದು ಮುಖ ಸಣ್ಣದು ಮಾಡಿಕೊಂಡರು. ಆದರೂ ಬಂದು ಮಂಚದ ಅಂಚಿನಲ್ಲೇ ಕೂತು ಅವರ ತಲೆ ಮೇಲೆ ಕೈಯಿಟ್ಟರು.

"ಲಿಂಗ ಇರೋ ಮೈಗೆ ಎಲ್ಲಿಯ ಮೈಲಿಗೆ ಪರಮಶಿವಯ್ಯ? ನಮ್ಗೆ ಸೂತಕವೇ ಇಲ್ಲ ಅಂದ ಮೇಲೆ ಇದೊಂದು ದೊಡ್ಡದಾ? ಮಂಚ ಒರೆಸಿದ್ರೆ ಆಯ್ತು, ಕೈ ತೊಳೆದ್ರೆ ಆಯ್ತು."

ಪರಮಶಿವಯ್ಯನವರು ಅಯ್ನೋರ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. "ಗುರುಗಳು ಹೇಳಿದ ಮೇಲೆ ಮುಗೀತು," ಎಂದರು. ಅಯ್ನೋರು ಹೊರಟುಹೋದ ಸ್ವಲ್ಪ ಹೊತ್ತಿಗೆ ತಾವೇ ಕರೆದರು: "ಲಕ್ಷ್ಮೀ, ಆ ಪ್ಯಾನು ಕೊಡೇ." ಒಂದು ಲೋಟ ಕಾಫಿ ಕೇಳಿದಷ್ಟು ಸಲೀಸಾಗಿ!

ಅವಳು ತಂದಳು. ನಾನೂ ಒಂದು ಕೈ ಹಿಡಿದೆ. ಎಲ್ಲ ಮುಗಿಸಿ, ಒರೆಸಿ, ಬಟ್ಟೆ ಸರಿಮಾಡಿ, ಪ್ಯಾನಿನ ಮೇಲೆ ಮುಚ್ಚಳ ಹಾಕಿಕೊಂಡು ಬಚ್ಚಲಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ನಲ್ಲಿ ಬಿಟ್ಟು ತೊಳೆದಳು. ತೊಳೆದಾದ ಮೇಲೂ ತೊಳೆಯುತ್ತಲೇ ಇದ್ದಳು.

"ಸಾಕು ಬುಡಕ್ಕಾ."

"ಇಷ್ಟೇ ಇತ್ತಲ್ಲೇ ಪುಷ್ಪಾ. ಒಂದು ಮಾತು. ಒಂದು ದಿನ." ಅವಳ ಧ್ವನಿ ಬೈಯುವ ಧ್ವನಿಯಾಗಿರಲಿಲ್ಲ. "ಆ ಮಂಚಾನ ದೇವ್ರ ಮನೆ ಮಾಡಿದ್ದು ನಾನೇ ಅಲ್ವಾ? ಅವ್ರು ಉಣ್ಲಿ ಅಂತ ಮಾಡ್ದೆ ಕಣೇ. ಉಣ್ಲಿ ಅಂತ."

ನಾನು ಗೋಡೆಗೆ ಒರಗಿ ನಿಂತೆ. ನೀರು ನಮ್ಮಿಬ್ಬರ ಕಾಲಿಗೂ ಹರಿಯುತ್ತಿತ್ತು.

ಸಿಸ್ಟರ್ ಮೋನಿಕಾ ಬಾಗಿಲಲ್ಲಿ ಕಾಣಿಸಿಕೊಂಡಳು. "ಅಮ್ಮಾ, ಅಜ್ಜ ಕೇಳ್ತಾ ಇದಾರೆ. ಅಲ್ಲಿ ನೆಲ ಜಾರುತ್ತಂತೆ, ನಿಮಗೆ ಹುಷಾರಾಗಿ ಬರೋಕೆ ಹೇಳಬೇಕಂತೆ."

ರಾಜಕ್ಕ ನಲ್ಲಿ ನಿಲ್ಲಿಸಿದಳು. "ಬೀಳಲ್ಲ ಅಂತ ಹೇಳವ್ವ. ನಾನು ಬಿದ್ರೆ ಅವ್ರನ್ನ ನೋಡೋರು ಯಾರವ್ರೆ," ಎಂದಳು. ಪ್ಯಾನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಆ ಸ್ಟೀಲಿನ ಕಂಬಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಊರಿ ಗಂಡನ ಮಂಚದ ಕಡೆ ನಡೆದಳು.