ಐದು ಗಂಟೆಯ ಜೀಪನ್ನು ನಂಬಿ ಗೋಣಿಕೊಪ್ಪಲಿಗೆ

ಶನಿವಾರ ಶಾಲೆ ಬಿಟ್ಟ ಕೂಡಲೇ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಗೋಣಿಕೊಪ್ಪಲಿನ ಬಸ್ ಹತ್ತಿದೆವು. ನಾವೆಂದರೆ ಹತ್ತನೇ ತರಗತಿಯ ಮೂವರು ಮಕ್ಕಳು, ಅವರಿಗೆ ವಿಜ್ಞಾನ ಹೇಳಿಕೊಡುವ ನಾನು. ಫೆಬ್ರವರಿಯ ಬಿಸಿಲು ಆಗಲೇ ಚುರುಕಾಗಿತ್ತು. ಖಾಸಗಿ ಬಸ್ಸಾದ್ದರಿಂದ ಹೆಂಗಸರಿಗೂ ಟಿಕೆಟ್ ಉಂಟು, ತಲೆಗೆ ಮೂವತ್ತು ರೂಪಾಯಿ. ದೂರ ಇಪ್ಪತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಇಷ್ಟು ಸಣ್ಣ ಪ್ರಯಾಣಕ್ಕೆ ನಾನು ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಕಾರಣ ನಾನೇ. ತರಬೇತಿಯೊಂದರಲ್ಲಿ ಕೇಳಿಸಿಕೊಂಡು ಬಂದಿದ್ದೆ: ಮಕ್ಕಳು ಯೋಜನೆ ಹಾಕಬೇಕು, ವಿಚಾರಿಸಬೇಕು, ಕೇಳಿದ್ದನ್ನು ಜರಡಿ ಹಿಡಿಯಬೇಕು, ಕೂಡಿ ತೀರ್ಮಾನಿಸಬೇಕು, ಇವು ಯಾವ ಒಂದು ವಿಷಯದ ಪಾಠಪುಸ್ತಕದಲ್ಲೂ ಇಲ್ಲ, ಎಲ್ಲ ವಿಷಯಕ್ಕೂ ಬೇಕು. ಆ ಹುರುಪಿನಲ್ಲಿ ಮಕ್ಕಳ ಮುಂದೆ ಹೇಳಿಬಿಟ್ಟೆ, “ಗೋಣಿಕೊಪ್ಪಲಿನ ಕಾಲೇಜು ನೋಡಿಕೊಂಡು ಬರೋಣ. ಹೋಗುವುದು, ಬರುವುದು, ಊಟ, ಎಲ್ಲ ನಿಮ್ಮದೇ ಏರ್ಪಾಡು. ನಾನು ಬಾಯಿ ಬಿಡದೆ ಹಿಂದೆ ಬರುತ್ತೇನೆ.” ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನನ್ನ ಬಾಯಿಯ ಬಗ್ಗೆ ಅವರಿಗೆ ಚೆನ್ನಾಗಿ ಗೊತ್ತು.

ಮೂವರಲ್ಲಿ ರಮ್ಲಾ, ಲೋಹಿತ್ ಸಿದ್ದಾಪುರದವರೇ. ಅವರ ಚಿಂತೆ ನನಗಿರಲಿಲ್ಲ. ಚಿಂತೆ ಸೆಲ್ವಿಯದು. ಅವಳ ಮನೆ ಇರುವುದು ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ. ಟಾರು ರಸ್ತೆಯ ಪಕ್ಕದ ಗೇಟಿನಿಂದ ಕಾಫಿ ಗಿಡಗಳ ನಡುವೆ ಎರಡು ಕಿಲೋಮೀಟರು ಒಳಗೆ, ದಾರಿಯುದ್ದಕ್ಕೂ ಆನೆಯ ಓಡಾಟ. ಅವಳ ಅಮ್ಮ ಪಳನಿಯಮ್ಮ ಅಲ್ಲಿ ಕೂಲಿಗೆ ಹೋಗುತ್ತಾರೆ. ಮಗಳು ಮುಂದೆ ಓದಲಿ ಎಂದು ಅವರಿಗೂ ಆಸೆ. ಆದರೆ ಹಾಸ್ಟೆಲ್ ಎಂದ ಕೂಡಲೇ ಕೈ ಆಡಿಸಿಬಿಟ್ಟಿದ್ದರು. “ರಾತ್ರಿ ಮಗಳು ನನ್ನ ಹತ್ರಾನೇ ಇರ್ಬೇಕು ಟೀಚರ್. ಕಾಲೇಜಿಗೆ ಹೋಗಿ ದಿನಾ ಕತ್ತಲೆಗೆ ಮುಂಚೆ ಮನೆಗೆ ಬರೋಕಾಗುತ್ತೆ ಅಂತ ಒಂದು ದಿನ ಬಂದು ತೋರಿಸ್ಲಿ. ಆಗ ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ಜೊತೆ ಕಾಫಿ ಪಿಕಿಂಗ್‌ಗೆ ಬರ್ಲಿ.” ಆ ಒಂದು ದಿನವೇ ಈ ಶನಿವಾರ.

ಬಸ್ಸು ಪಾಲಿಬೆಟ್ಟದ ಕಡೆ ತಿರುಗಿತು. ಕಣಗಳಲ್ಲಿ ಹರವಿದ ಕಾಫಿಯ ಹುಳಿವಾಸನೆ ಕಿಟಕಿಯೊಳಕ್ಕೆ ಬರುತ್ತಿತ್ತು. ಮೂವರೂ ತಮ್ಮ ಏರ್ಪಾಡನ್ನು ನನ್ನೆದುರು ಒಪ್ಪಿಸಿದರು. ನಾಲ್ಕಕ್ಕೆ ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ಹೊರಡುವುದು, ಐದರೊಳಗೆ ಸಿದ್ದಾಪುರ, ಅಲ್ಲಿಂದ ಲೈನಿಗೆ ಐದು ಗಂಟೆಯ ಜೀಪು.

“ಜೀಪಿರೋದು ಗ್ಯಾರಂಟಿನಾ ಅಂತ ಒಬ್ಬರನ್ನಲ್ಲ, ಹತ್ತು ಜನರನ್ನ ಕೇಳಿದ್ದೀನಿ ಟೀಚರ್,” ಎಂದಳು ಸೆಲ್ವಿ. “ಎಲ್ಲರೂ ಇದೆ ಅಂದ್ರು. ಅಮ್ಮನೂ ಅಂದ್ರು. ನಾನೇ ಎಷ್ಟು ಸಲ ಬಂದಿದ್ದೀನಿ ಅದರಲ್ಲಿ!”

ಇವತ್ತು ಆ ಜೀಪು ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಮನೆ ಇರುವುದು ಬಸ್‌ಸ್ಟ್ಯಾಂಡಿನ ಎದುರಿಗೆ. ಆ ಜೀಪು ಬರುವುದು ಭಾನುವಾರ, ಸಂತೆಯ ದಿನ ಮಾತ್ರ. ಲೈನಿನ ಜನಕ್ಕೆ ರಜೆ ಭಾನುವಾರ. ಸಂಜೆ ಐದಕ್ಕೆ ಅವರು ಪೇಟೆಯಲ್ಲಿರುವುದು ಅದೊಂದು ದಿನ. ಉಳಿದ ದಿನ ಸೆಲ್ವಿಯನ್ನು ಶಾಲೆ ಬಿಟ್ಟ ಕೂಡಲೇ ಎಸ್ಟೇಟಿನ ಪಿಕಪ್ ಕರೆದುಕೊಂಡು ಹೋಗುತ್ತದೆ. ಹೀಗಾಗಿ ಪೇಟೆಗೆ ಬಂದಾಗಲೆಲ್ಲ ಜೀಪು ಕಂಡವರಿಗೆ ಅದು ದಿನವೂ ಓಡುತ್ತದೆ ಎಂದೇ ಲೆಕ್ಕ. ಒಬ್ಬರ ಮಾತು ನಂಬಬೇಡಿ, ಹತ್ತು ಜನರನ್ನು ಕೇಳಿ ಎಂದು ಪಾಠ ಮಾಡಿದವಳು ನಾನೇ. ಹತ್ತೂ ಜನ ಸಂತೆಗೆ ಬರುವವರೇ ಆಗಿದ್ದರೆ ಏನು ಗತಿ ಎಂದು ಹೇಳಿಕೊಟ್ಟಿರಲಿಲ್ಲ.

ಹೇಳಿಬಿಡಲೇ? ತಾವೇ ಕಂಡುಕೊಳ್ಳಲಿ ಎಂದು ಒಂದು ಮನಸ್ಸು, ಕತ್ತಲಾದರೆ ಎಂದು ಇನ್ನೊಂದು. ಪಾಲಿಬೆಟ್ಟ ದಾಟುವಷ್ಟರಲ್ಲಿ ಮೂರು ಸಲ ಬಾಯಿ ತೆರೆದು ಮುಚ್ಚಿದೆ. ಕೊನೆಗೆ ಕಳ್ಳದಾರಿ ಹಿಡಿದೆ. ಪರಿಚಯದ ಆಟೋ ಡ್ರೈವರ್ ಜೋಸೆಫನಿಗೆ ಗುಟ್ಟಾಗಿ ಮೆಸೇಜ್ ಹಾಕಿದೆ, ಐದಕ್ಕೆ ಸ್ಟ್ಯಾಂಡಿನ ಹತ್ತಿರ ಇರು ಎಂದು.

ಗೋಣಿಕೊಪ್ಪಲಿನಲ್ಲಿ ಇಳಿದಾಗ ಒಂದು ಗಂಟೆ ದಾಟಿತ್ತು. ಕರಿಮೆಣಸಿನ ಚೀಲ ಇಳಿಸುವವರ ನಡುವೆ ನುಸುಳಿ ಸಣ್ಣದೊಂದು ಹೋಟೆಲಿಗೆ ಹೋದೆವು. ಪರೋಟ, ಮೊಟ್ಟೆ ಕರಿ. ಮಕ್ಕಳು ಚೆನ್ನಾಗಿ ತಿಂದರು. ನಾನು ಒಂದು ಪರೋಟವನ್ನೂ ಮುಗಿಸಲಿಲ್ಲ. “ಟೀಚರಿಗೆ ಮಾತಾಡದೆ ಹಸಿವು ಹೋಗಿದೆ,” ಎಂದ ಲೋಹಿತ್.

ದ್ವಿತೀಯ ಪಿಯುಸಿಗೆ ವಿಶೇಷ ತರಗತಿ ಇದ್ದುದರಿಂದ ಕಾಲೇಜು ತೆರೆದಿತ್ತು. ತರಗತಿಯಲ್ಲಿ ಹಾಜರಿ ಕೂಗಿದರೂ ತಲೆ ಎತ್ತದ ಸೆಲ್ವಿ ವರಾಂಡದಲ್ಲಿ ಉಪನ್ಯಾಸಕಿಯೊಬ್ಬರನ್ನು ತಡೆದು ನಿಲ್ಲಿಸಿದಳು. ಕೊನೆಯ ಪೀರಿಯಡ್ ಎಷ್ಟಕ್ಕೆ ಬಿಡುತ್ತದೆ, ಮಳೆಗಾಲದಲ್ಲಿ ಬಸ್ ತಡವಾದರೆ ಹಾಜರಿ ಕೊಡುತ್ತೀರಾ, ತಮಿಳು ಮನೆಮಾತಿನವರು ವಿಜ್ಞಾನ ತೆಗೆದುಕೊಂಡರೆ ಕಷ್ಟವೇ ಎಂದೆಲ್ಲ ಕೇಳಿದಳು. ಧ್ವನಿ ನಡುಗುತ್ತಿತ್ತು, ಆದರೆ ಬಿಡಲಿಲ್ಲ. ನನಗೆ ಹೆಮ್ಮೆಯಾಯಿತು. ಮರುಕ್ಷಣವೇ ಇಲ್ಲದ ಜೀಪಿನ ನೆನಪಾಗಿ ಸಂಕಟವಾಯಿತು. ದಿನವೂ ಜೀಪೇ ಇಲ್ಲದಿದ್ದರೆ ಈ ಪ್ರಶ್ನೆಗಳೆಲ್ಲ ಯಾತಕ್ಕೆ?

ಹೊರಗೆ ಬರುವಾಗ ರಮ್ಲಾ ಹುಡುಗಿಯರ ಹಾಸ್ಟೆಲ್ ಎಲ್ಲಿ ಎಂದು ವಿಚಾರಿಸಿ ನಮ್ಮನ್ನು ಅತ್ತ ನಡೆಸಿದಳು. ಗೇಟಿನೊಳಗೆ ಹುಡುಗಿಯರು ಬಟ್ಟೆ ಒಣಹಾಕುತ್ತಿದ್ದರು. ಸೆಲ್ವಿ ಅತ್ತ ನೋಡಿ, “ಚೆನ್ನಾಗಿದೆ. ಅಮ್ಮ ಬಿಡಲ್ಲ,” ಎಂದಳು.

ನಾಲ್ಕು ಗಂಟೆಯ ಬಸ್ಸು ಕಿಕ್ಕಿರಿದಿತ್ತು. ಐದಕ್ಕೆ ಹತ್ತು ನಿಮಿಷ ಮೊದಲೇ ಸಿದ್ದಾಪುರದಲ್ಲಿ ಇಳಿದೆವು. ಸೆಲ್ವಿಯ ಮುಖ ಅರಳಿತ್ತು. ಐದಾಯಿತು, ಐದೂಕಾಲಾಯಿತು. ಜೀಪು ನಿಲ್ಲುವ ಜಾಗದಲ್ಲಿ ಒಂದು ಹಸು ಮಲಗಿತ್ತು. ರಮ್ಲಾ ಹೋಗಿ ಪಕ್ಕದ ಅಂಗಡಿಯವರನ್ನು ಮಲಯಾಳದಲ್ಲಿ ಕೇಳಿ ಬಂದಳು. “ಇವತ್ತು ಶನಿಯಾಳ್ಚೆ, ಶನಿವಾರ ಅಲ್ವಾ ಅಂತಾರೆ ಸೆಲ್ವಿ. ಜೀಪು ಸಂತೆಗೆ ಮಾತ್ರ ಅಂತೆ.”

ಸೆಲ್ವಿಯ ಮುಖದಿಂದ ರಕ್ತವೇ ಇಳಿದುಹೋಯಿತು. ಅದೇ ಹೊತ್ತಿಗೆ ಜೋಸೆಫನ ಆಟೋ ಬಂದು ನಿಂತಿತು.

“ಟೀಚರೇ, ನೀವು ಮಧ್ಯಾಹ್ನ ಹೇಳಿದ ಹಾಗೆ ಬಂದೆ. ಗೇಟಿನವರೆಗೆ ಬಿಡ್ತೇನೆ, ಒಳಗೆ ಆಗೂದಿಲ್ಲ. ಕೆರೆ ಹತ್ರ ಆನೆ ಉಂಟು ಅಂತ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಿದೆ.”

ಮೂವರೂ ನನ್ನನ್ನೇ ನೋಡಿದರು.

“ಮಧ್ಯಾಹ್ನಾನೇ ಗೊತ್ತಿತ್ತಾ ಟೀಚರ್?” ಲೋಹಿತನಿಗೆ ಸಿಟ್ಟು ಬಂದಿತ್ತು.

“ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಕಣೋ,” ಎಂದೆ. ನನಗೇ ಹುಸಿ ಎನ್ನಿಸಿತು.

“ನಿಮ್ಮನ್ನ ಕೇಳ್ಬಹುದಿತ್ತಾ?” ಎಂದಳು ರಮ್ಲಾ, ನಿಜವಾದ ಆಶ್ಚರ್ಯದಿಂದ. “ಕ್ಲಾಸಲ್ಲಿ ಕೇಳೋದು ನೀವೇ ಅಲ್ವಾ?”

ನಾಚಿಕೆಯೂ ಭಯವೂ ಒಟ್ಟಿಗೆ ಮೇಲೆ ಬಿದ್ದು, ಹೇಗಾದರೂ ಇವಳನ್ನು ಕತ್ತಲೆಗೆ ಮುಂಚೆ ಮನೆ ಸೇರಿಸಿದರೆ ಸಾಕು ಎನ್ನಿಸಿತು. “ಬಾ ಸೆಲ್ವಿ, ಆಟೋ ಹತ್ತು. ಗೇಟಿನಿಂದ ನಾನೂ ನಿನ್ನ ಜೊತೆ ನಡೀತೇನೆ. ಬೇಗ ಬೇಗ ಹೆಜ್ಜೆ ಹಾಕಿದ್ರೆ ಬೆಳಕಿರುವಾಗಲೇ ಮುಟ್ಟಬಹುದು. ಅಮ್ಮನಿಗೆ ಕೊಟ್ಟ ಮಾತು ಉಳಿಯುತ್ತೆ,” ಎನ್ನುತ್ತಾ ಅವಳ ಕೈ ಹಿಡಿದು ಎಳೆದೆ.

ಅವಳು ಕದಲಲಿಲ್ಲ. ಕಣ್ಣು ತುಂಬಿತ್ತು.

“ಬೇಡ ಟೀಚರ್. ಕೆರೆ ದಾರೀಲೇ ಇರೋದು. ಆನೆ ಇದೆ ಅಂತ ಗೊತ್ತಾದ ಮೇಲೂ ಹೋಗೋದಾ? ನಾನು ಇವತ್ತು ರಮ್ಲಾ ಮನೇಲಿ ಇರ್ತೀನಿ. ಫೋನ್ ಕೊಡಿ, ಅಮ್ಮನಿಗೆ ನಾನೇ ಹೇಳ್ತೀನಿ.”

ರಮ್ಲಾ ಆಗಲೇ ತನ್ನ ಮನೆಯ ಕಡೆ ಓಡಿದ್ದಳು. ಅವಳ ಉಮ್ಮ ತಲೆಗೆ ಸೆರಗು ಹೊದ್ದುಕೊಂಡು ಬಂದು ಸೆಲ್ವಿಯ ಪಕ್ಕದಲ್ಲಿ ನಿಂತರು.

ಸೆಲ್ವಿ ತಮಿಳಿನಲ್ಲಿ ಮಾತಾಡಿದಳು. ಜೀಪು, ಯಾನೈ, ರಮ್ಲಾ ಎನ್ನುವುದಷ್ಟೇ ನನಗೆ ತಿಳಿಯಿತು. ಆಟೋ ಇದೆ, ಟೀಚರ್ ಬರುತ್ತಾರಂತೆ ಎಂದೂ ಹೇಳಿದಳೆಂದು ಕಾಣುತ್ತದೆ, ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ಕಾಲೇಜಿನ ಮಾತು ಎತ್ತಲೇ ಇಲ್ಲ. ಅದು ಮುಗಿಯಿತೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕಣ್ಣೊರೆಸಿಕೊಂಡು ಫೋನನ್ನು ನನಗೆ ಕೊಟ್ಟಳು.

ಬೈಗುಳಕ್ಕೆ ಸಿದ್ಧಳಾಗಿ ಕಿವಿಗಿಟ್ಟುಕೊಂಡೆ.

“ಟೀಚರ್,” ಎಂದರು ಪಳನಿಯಮ್ಮ. “ಜೀಪಿದೆ ಅಂತ ನಾನೂ ಹೇಳಿದ್ದೆ. ಸಂಡೇ ಬಿಟ್ಟು ಬೇರೆ ದಿನ ನಾವೆಲ್ಲಿ ಪೇಟೆಗೆ ಬರ್ತೀವಿ?” ಅವರೇ ಮುಂದುವರಿಸಿದರು. “ಆನೆ ಇದೆ ಅಂತ ನಮ್ಮನ್ನ ಐದಕ್ಕೇ ಲೈನ್ ಒಳಗೆ ಕಳಿಸಿದ್ರು. ಹೊತ್ತಾಯ್ತು, ಅಮ್ಮ ಕಾಲೇಜಿಗೆ ಬಿಡಲ್ಲ ಅಂತ ಇವಳು ಹೆದರ್ಕೊಂಡು ಆ ದಾರೀಲಿ ಓಡಿ ಬಂದ್ಬಿಟ್ರೆ ಏನು ಮಾಡ್ಲಿ ಅಂತ ಬಾಗಿಲಲ್ಲೇ ನಿಂತಿದ್ದೆ. ಅವಳೇ ಬರಲ್ಲ ಅಂದ್ಲು.”

“ಹೌದು,” ಎಂದೆ. “ಅವಳೇ ಅಂದಿದ್ದು. ನಾನು ಹೋಗೋಣ ಅಂದಿದ್ದೆ.”

“ಹೇಳಿದ್ಲು.” ಅವರು ಮೂಗು ಸೇದಿಕೊಂಡ ಸದ್ದು ಕೇಳಿಸಿತು. “ಅಷ್ಟು ಯೋಚನೆ ಮಾಡೋ ಹುಡುಗಿ ನನ್ನ ಕಣ್ಣ ಮುಂದೇನೇ ಇರ್ಬೇಕು ಅಂತಿಲ್ಲ. ಆ ಹಾಸ್ಟೆಲ್ ಎಲ್ಲಿರೋದು ಟೀಚರ್? ನಾಳೆ ಸಂತೆಗೆ ಬರ್ತೀನಲ್ಲ, ನನ್ನನ್ನ ಕರ್ಕೊಂಡು ಹೋಗಿ ತೋರಿಸ್ತೀರಾ?”

ತೋರಿಸುತ್ತೇನೆ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. “ಸೆಲ್ವಿಯನ್ನೇ ಕೇಳಿ,” ಎಂದು ಫೋನನ್ನು ಅವಳ ಕೈಗೆ ಕೊಟ್ಟೆ.